ಅಂಕಿತ ಬರುವ ತನಕ: ಆನೆಗೊಂದಿಯಲ್ಲಿ ಎರಡು ರಾತ್ರಿಯ ಸಂಗೀತ ಪ್ಯಾಕೇಜ್

ಪುಷ್ಯ ಮಾಸದ ಅಮಾವಾಸ್ಯೆ ಈ ವರ್ಷ, 2026ರಲ್ಲಿ, ಭಾನುವಾರ ಬಂತು, ಜನವರಿ 18ಕ್ಕೆ. ಹೋದ ವರ್ಷ ಅದು ಜನವರಿ 29, ಬುಧವಾರ. ಆಗ ನನಗೆ ಡ್ಯೂಟಿ, ಚಿಗವ್ವನ ಮಗನಿಗೆ ಪರೀಕ್ಷೆ, ಹೋಗಲಾಗಲಿಲ್ಲ. ಹಂಪಿಯ ಪುರಂದರ ಮಂಟಪದಲ್ಲಿ ಪುರಂದರದಾಸರ ಆರಾಧನೆ ನಡೆಯುವುದು ಇದೇ ಅಮಾವಾಸ್ಯೆಗೆ. ನಮ್ಮ ಕಡೆ ಎಷ್ಟೋ ಹಳ್ಳಿಗಳಲ್ಲಿ ಅಮಾವಾಸ್ಯೆ ರಾತ್ರಿ ಗುಡಿಯಲ್ಲಿ ಭಜನೆ ಕೂಡುತ್ತದೆ. ಹಗಲು ಹೊಳೆದಂಡೆಯಲ್ಲಿ ದಾಸರ ಪದ, ರಾತ್ರಿ ಹಳ್ಳಿಯಲ್ಲಿ ಭಜನೆ, ಎರಡೂ ಒಂದೇ ದಿನ, ಅದೂ ರಜೆಯ ದಿನ. ಹೊಸ ಕ್ಯಾಲೆಂಡರ್ ಮನೆಗೆ ಬಂದ ದಿನವೇ ಇದು ಕಣ್ಣಿಗೆ ಬಿತ್ತು. ಅವತ್ತೇ ನಾಲ್ಕು ಜನರಿಗೆ ಬುಕ್ ಮಾಡಿದೆ.

ಬುಕ್ ಮಾಡಿದ್ದು ಗಂಗಾವತಿ ತಾಲ್ಲೂಕಿನ ಆನೆಗೊಂದಿ ಹತ್ತಿರ, ಬಾಳೆತೋಟದ ಅಂಚಿಗಿರುವ ಒಂದು ಹೋಂಸ್ಟೇಯಲ್ಲಿ. ಏಳು ಕೋಣೆ, ಮುಂದೆ ಹುಲ್ಲುಹಾಸು, ಹಿಂದೆ ಗದ್ದೆ. ಅವರ ಎರಡು ರಾತ್ರಿಯ ಸಂಗೀತ ಪ್ಯಾಕೇಜಿಗೆ ತಲೆಗೆ 2,800 ರೂಪಾಯಿ. ಶನಿವಾರ ಸಂಜೆ ಜನಪದ ಸಂಗೀತ, ಭಾನುವಾರ ಪುರಂದರ ಮಂಟಪ, ಊಟ, ತಿಂಡಿ, ಸಾಣಾಪುರ ಕೆರೆಯಲ್ಲಿ ಹರಿಗೋಲು, ಇಷ್ಟು ಅದರಲ್ಲಿ ಬರುತ್ತದೆ. ಅವರು ಕಳಿಸಿದ ವಿವರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: "ಆಸಕ್ತಿ ಇದ್ದವರನ್ನು ಭಾನುವಾರ ರಾತ್ರಿ ಪಕ್ಕದ ಹಳ್ಳಿಯ ಭಜನೆಗೆ ಕರೆದೊಯ್ಯಲಾಗುವುದು." ನಾನು ದುಡ್ಡು ಕಟ್ಟಿದ್ದು ಆ ಸಾಲಿಗೆ.

ಹೋಂಸ್ಟೇ ಹೆಸರು ಬರೆಯುವುದಿಲ್ಲ. ಹೇಳಬೇಕಾದ ತಪ್ಪುಗಳಿವೆ, ಅವರು ತಿದ್ದಿಕೊಳ್ಳುವ ಮನಸ್ಸಿನವರೂ ಹೌದು. ಈ ಭಾಗದಲ್ಲಿ ಇಂಥ ಪ್ಯಾಕೇಜ್ ಹುಡುಕುವವರಿಗೆ ಏನು ಕೇಳಿ ತಿಳಿದುಕೊಳ್ಳಬೇಕು ಅಂತ ಗೊತ್ತಾದರೆ ಸಾಕು.

ನಾನು ಬಳ್ಳಾರಿಯಲ್ಲಿ ಸ್ಟಾಫ್ ನರ್ಸ್, ವಯಸ್ಸು 27. ಜೊತೆಗೆ ಬಂದವರು ಮೂವರು. ನನ್ನ ರೂಮ್‌ಮೇಟ್ ಮೈಸೂರಿನವಳು, ಫಿಸಿಯೋಥೆರಪಿಸ್ಟ್. ಚಿಗವ್ವನ ಮಗ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾನೆ, ಕಾಲೇಜಿನ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಾನೆ. ಅವನ ಗೆಳೆಯ ಸಿಂಧನೂರಿನವನು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಬಳ್ಳಾರಿಯಿಂದ ಕುರುಗೋಡು, ಕಂಪ್ಲಿ ಮೇಲೆ ಗಂಗಾವತಿಗೆ ಬಸ್ಸು, ಅಲ್ಲಿಂದ ಆನೆಗೊಂದಿಗೆ ಇನ್ನೊಂದು. ಕಂಪ್ಲಿ ದಾಟುವಾಗ ಅಜ್ಜನ ನೆನಪಾಯಿತು. ಕಂಪ್ಲಿ ಸೀಮೆಯ ಹಳ್ಳಿಯ ಭಜನಾ ಮೇಳದಲ್ಲಿ ಅವನು ದಮ್ಮಡಿ ಅನ್ನುವ ಚರ್ಮವಾದ್ಯ ಬಾರಿಸುತ್ತಿದ್ದ. ನಾನು ಸಣ್ಣವಳಿದ್ದಾಗ ಪದದ ನಡುವೆ ನೀರಿಗೆ ಅಂತ ಎದ್ದರೆ ಕಣ್ಣಲ್ಲೇ ಗದರುತ್ತಿದ್ದ. "ಅಂಕಿತ ಬರೋತನಕ ಏಳಬಾರ್ದವ್ವ, ಬರದವನ ಹೆಸರು ಕೇಳಿ ಏಳಬೇಕು" ಅನ್ನುತ್ತಿದ್ದ. ದಾಸರ ಪದವಾಗಲಿ, ತತ್ವಪದವಾಗಲಿ, ಬರೆದವರ ಗುರುತು ಇರುವುದು ಕೊನೆಯ ನುಡಿಯಲ್ಲಿ. ಪುರಂದರದಾಸರಿಗೆ ಪುರಂದರ ವಿಠಲ, ಕನಕದಾಸರಿಗೆ ಕಾಗಿನೆಲೆಯ ಆದಿಕೇಶವ. ಆ ಸಾಲು ಬಂದ ಮೇಲೇ ಪದ ಪೂರ್ತಿಯಾಗುವುದು.

ಶನಿವಾರದ ಸಂಜೆ ಕೆಟ್ಟಿದ್ದು ಇಲ್ಲಿಯೇ.

ಹುಲ್ಲುಹಾಸಿನ ಮೇಲೆ ಸಣ್ಣ ವೇದಿಕೆ ಹಾಕಿ, ಬಣ್ಣದ ದೀಪ ಬಿಟ್ಟು, ಎರಡು ದೊಡ್ಡ ಸ್ಪೀಕರ್ ಇಟ್ಟಿದ್ದರು. ಅತಿಥಿಗಳು ಒಟ್ಟು 14 ಜನ, ಹೆಚ್ಚಿನವರು ನಮ್ಮ ವಯಸ್ಸಿನವರೇ. ಬೆಂಗಳೂರು, ಹುಬ್ಬಳ್ಳಿ, ಹೈದರಾಬಾದಿನಿಂದ ಬಂದಿದ್ದರು. ಹಾಡಲು ಬಂದ ಮೇಳದಲ್ಲಿ ಐದು ಜನ: ಹಾರ್ಮೋನಿಯಂ ಪೇಟಿ, ತಬಲಾ, ದಮ್ಮಡಿ, ತಾಳ, ಮತ್ತು ಏಕತಾರಿ ಹಿಡಿದ ಮುಖ್ಯ ಹಾಡುಗಾರ, ಅರವತ್ತು ದಾಟಿದ ಅಜ್ಜ. ಹಾಡುಗಾರಿಕೆ ಮೊದಲ ಸಾಲಿಗೇ ಹಿಡಿಯುವಂಥದ್ದು. ಆದರೆ ಮೈಕಿನ ಎಕೋ ಎಷ್ಟು ಏರಿಸಿದ್ದರೆಂದರೆ ಒಂದು ಮಾತು ಮುಗಿಯುವ ಮುಂಚೆ ಹಿಂದಿನದು ಬಂದು ಅದರ ಮೇಲೆ ಬೀಳುತ್ತಿತ್ತು. ತತ್ವಪದದ ಬಲವೆಲ್ಲ ಮಾತಿನಲ್ಲಿದೆ. ಮಾತು ಕೇಳದಿದ್ದರೆ ಉಳಿಯುವುದು ಬರೀ ಧಾಟಿ. ದಮ್ಮಡಿಯ ಅಂಚಿಗೆ ಕೂಡಿಸಿರುವ ಹಿತ್ತಾಳೆ ಬಿಲ್ಲೆಗಳ ಸಣ್ಣ ದನಿಯಂತೂ ಸ್ಪೀಕರಿನಲ್ಲಿ ಕಳೆದೇ ಹೋಯಿತು. ಎರಡು ಮಾರು ದೂರದಲ್ಲಿ ಕೂತ ಮನುಷ್ಯ ಬಾರಿಸುವುದನ್ನು ಕೇಳಲು ನನಗೆ ಸ್ಪೀಕರ್ ಬೇಕಿರಲಿಲ್ಲ.

ಪದಕ್ಕೆ ನಾಲ್ಕೈದು ನಿಮಿಷ, ಒಟ್ಟು 45 ನಿಮಿಷ, ಹಾಗಂತ ಮೊದಲೇ ಮಾತಾಗಿತ್ತಂತೆ. ಮೂರನೇ ನುಡಿಗೆ ಬರುವಷ್ಟರಲ್ಲಿ ನಿರೂಪಣೆಯ ಹುಡುಗ ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದ. ಕೊನೆಯ ಪದದಲ್ಲಿ ಅಜ್ಜ ದನಿ ಏರಿಸಿ, ಕಣ್ಣು ಮುಚ್ಚಿ, ಇನ್ನೇನು ಅಂಕಿತದ ಸಾಲಿಗೆ ಬರಬೇಕು, ಅಷ್ಟರಲ್ಲಿ ಮೈಕಿನಲ್ಲಿ "ಊಟ ಸಿದ್ಧವಾಗಿದೆ" ಅಂತ ಹೇಳಿಬಿಟ್ಟರು. ಜನ ಎದ್ದರು. ಅಜ್ಜ ಏಕತಾರಿ ಕೆಳಗಿಳಿಸಿ, ದನಿ ಸಣ್ಣ ಮಾಡಿ, ಆ ಕೊನೆಯ ಸಾಲನ್ನು ತನ್ನಷ್ಟಕ್ಕೆ ಹೇಳಿಕೊಂಡು ಕೈ ಮುಗಿದ. ನಾವು ನಾಲ್ವರು ಕೂತೇ ಇದ್ದೆವು. ಅದನ್ನು ಕಂಡು ನನಗೆ ಅನ್ನ ಸೇರಲಿಲ್ಲ.

ಊಟ ಮಾತ್ರ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿಪುಡಿ, ಕೆನೆಮೊಸರು. ಮಾಲೀಕರ ಮನೆಯವರೇ ಒಲೆ ಮುಂದೆ ಕೂತು ರೊಟ್ಟಿ ಬಡಿದು ಬಿಸಿಬಿಸಿ ಹಾಕಿದರು.

ಕೈತೊಳೆಯುವ ಕಡೆ ಮೇಳದವರು ಸಿಕ್ಕಾಗ ಮಾತಾಡಿಸಿದೆ. ಒಬ್ಬೊಬ್ಬರಿಗೆ ಕೊಡುವುದು 500 ರೂಪಾಯಿ. ಅದರಲ್ಲೇ ಪೆಟ್ರೋಲ್ ಖರ್ಚು. ಎರಡು ಬೈಕಿನ ಮೇಲೆ ಐದು ಜನ, ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ನಾನು ಲೆಕ್ಕ ಹಾಕಿದೆ. 14 ಜನರಿಂದ ಕೂಡಿದ್ದು 39,200 ರೂಪಾಯಿ. ಸಂಗೀತದ ಪ್ಯಾಕೇಜ್ ಅಂತ ಹೆಸರಿಟ್ಟು, ಹಾಡಿದವರ ಕೈಗೆ ಹೋದದ್ದು 2,500. ಕೋಣೆ, ಊಟ, ಗಾಡಿ, ಕೆಲಸದವರು, ಎಲ್ಲದಕ್ಕೂ ಖರ್ಚಿದೆ ಅನ್ನುವುದು ನನಗೂ ಗೊತ್ತು. ಆದರೂ ಈ ಎರಡು ಅಂಕಿಗಳ ನಡುವಿನ ದೂರ ನನಗೆ ಸರಿಕಾಣಲಿಲ್ಲ. ಅಜ್ಜ ಮಾತ್ರ ಆ ವಿಷಯ ಬಿಟ್ಟು ಬೇರೆ ಕೇಳಿದ. "ನೀವು ಎದ್ದಿಲ್ಲಲ್ಲವ್ವ, ನಾ ನೋಡಿದೆ. ನಾಳೆ ಅಮಾಸಿ, ನಮ್ಮೂರ ಗುಡಿಗೆ ಬರ್ರಿ. ಅಲ್ಲಿ ಯಾರೂ ಊಟಕ್ಕ ಕರಿಯಂಗಿಲ್ಲ."

ಭಾನುವಾರ ಬೆಳಿಗ್ಗೆ ತಳವಾರಗಟ್ಟದಲ್ಲಿ ಬೋಟು ಹತ್ತಿ ಹೊಳೆ ದಾಟಿದೆವು. ಅಲ್ಲಿಂದ ವಿಠಲ ಗುಡಿವರೆಗೆ ನಡಿಗೆ. ಗುಡಿಯೊಳಗೆ ಕಲ್ಲಿನ ರಥದ ಮುಂದೆ ಹುಡುಗ ಹುಡುಗಿಯರ ಸಾಲು, ಕೈಯಲ್ಲಿ 50 ರೂಪಾಯಿ ನೋಟು. ಅದರ ಹಿಂಬದಿಗೆ ಇದೇ ರಥವಿದೆ, ನೋಟು ಮತ್ತು ರಥ ಎರಡೂ ಒಂದೇ ಫೋಟೋದಲ್ಲಿ ಬರಬೇಕು. ಸಪ್ತಸ್ವರದ ಕಂಬಗಳನ್ನು ಈಗ ಬಡಿಯಲು ಬಿಡುವುದಿಲ್ಲ, ಅದು ಒಳ್ಳೆಯದೇ. ಎಷ್ಟು ತಲೆಮಾರಿನ ಕೈಗಳು ಅವನ್ನು ಬಡಿದಿವೆಯೋ. ಚಿಗವ್ವನ ಮಗ ಮಾತ್ರ ಕೈ ಹಿಂದೆ ಕಟ್ಟಿಕೊಂಡು ಒಂದೊಂದು ಕಂಬದ ದಪ್ಪ ಕಣ್ಣಲ್ಲೇ ಅಳೆಯುತ್ತ ಬಹಳ ಹೊತ್ತು ನಿಂತ.

ಆ ಗುಡಿಯಿಂದ ಹೊಳೆ ಕಡೆ ಇಳಿದರೆ ಪುರಂದರ ಮಂಟಪ, ಕೆಲವೇ ನಿಮಿಷದ ದಾರಿ. ರಥದ ಮುಂದೆ ನಿಂತ ಆ ನೂರಾರು ಜನರಲ್ಲಿ ಎಷ್ಟು ಮಂದಿಗೆ ಕೆಳಗೆ ಹಾಡು ನಡೆದಿದೆ ಅಂತ ಗೊತ್ತಿತ್ತು? ದಾರಿ ತೋರಿಸುವ ಒಂದು ಬೋರ್ಡು ಅವತ್ತು ನನ್ನ ಕಣ್ಣಿಗೆ ಬೀಳಲಿಲ್ಲ. ನಮ್ಮ ವಯಸ್ಸಿನವರಿಗೆ ಇದೆಲ್ಲ ಬೇಡ ಅನ್ನುವ ಮಾತನ್ನು ನಾನು ಒಪ್ಪದಿರುವುದು ಅದಕ್ಕೇ. ಮೆಟ್ಟಿಲ ಹತ್ತಿರ ನಿಂತು ಎರಡು ಗುಂಪಿನವರಿಗೆ "ಕೆಳಗೆ ಹಾಡ್ತಿದಾರೆ, ಬರ್ರಿ" ಅಂತ ನಾನೇ ಹೇಳಿದೆ. ಒಂದು ಗುಂಪು ಬಂತು, ಆರು ಜನ. ಬಂದವರು ಒಂದು ತಾಸು ಕೂತರು.

ಮಂಟಪ ಬರೀ ಕಲ್ಲುಕಂಬ, ಕಲ್ಲುಚಾವಣಿ. ಮಳೆಗಾಲದಲ್ಲಿ ಮೇಲಿನ ಡ್ಯಾಮಿನಿಂದ ನೀರು ಬಿಟ್ಟರೆ ಇದು ಮುಳುಗುತ್ತದೆ, ಪತ್ರಿಕೆಗಳಲ್ಲಿ ಆ ಫೋಟೋ ಎಲ್ಲರೂ ನೋಡಿರುತ್ತಾರೆ. ಜನವರಿಯಲ್ಲಿ ಹೊಳೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ತಣ್ಣನೆಯ ಕಲ್ಲಿನ ಮೇಲೆ ಜಮಖಾನ ಹಾಸಿ, ತಂಬೂರಿ ಇಟ್ಟುಕೊಂಡು, ಹೆಂಗಸರು ಗಂಡಸರು ಒಟ್ಟಾಗಿ ಗೋಷ್ಠಿಗಾಯನ ಹಾಡುತ್ತಿದ್ದರು. ಸಂಪ್ರದಾಯದ ಲೆಕ್ಕದಲ್ಲಿ ದಾಸರು ಹುಟ್ಟಿದ್ದು 1484ರಲ್ಲಿ, ತೀರಿಕೊಂಡದ್ದು 1564ರ ಈ ಅಮಾವಾಸ್ಯೆಗೆ. ಅಂದರೆ ಅವರು ಕಣ್ಣು ಮುಚ್ಚಿದಾಗ ಈ ಊರು ಇನ್ನೂ ಬೆಳಗುತ್ತಿತ್ತು. ಮರುವರ್ಷವೇ, 1565ರಲ್ಲಿ, ಯುದ್ಧ ಸೋತು ಊರು ಹಾಳಾಯಿತು. ಅರಮನೆಗಳ ತಳಪಾಯ ಮಾತ್ರ ಉಳಿದಿರುವ ಊರಲ್ಲಿ ಪದಗಳು ಪೂರ್ತಿ ಉಳಿದಿವೆ. ಕಲ್ಲಿನ ಮೇಲೆ ಕೂತು ಕೇಳುವಾಗ ಇದು ಮೈಗೆ ತಟ್ಟಿತು.

ಮೈಸೂರಿನ ಗೆಳತಿ ಹಿಂದಿನ ಸಾಲಿನಲ್ಲಿ ಕೂತಿದ್ದಳು. ನಾಲ್ಕು ವರ್ಷ ಸಂಗೀತ ಕಲಿತು ಎಂಟನೇ ಕ್ಲಾಸಿನಲ್ಲಿ ಬಿಟ್ಟವಳು. ಕರ್ನಾಟಕ ಸಂಗೀತ ಕಲಿಯುವ ಮಕ್ಕಳಿಗೆ ಇವತ್ತಿಗೂ ಮೊದಲು ಹೇಳಿಕೊಡುವುದು ಮಾಯಾಮಾಳವಗೌಳದಲ್ಲಿ ಸರಳೆ ವರಸೆ. ಆ ಪಾಠದ ಕ್ರಮ ಹಾಕಿಕೊಟ್ಟವರು ಪುರಂದರದಾಸರೆಂದೇ ಅವರನ್ನು ಸಂಗೀತ ಪಿತಾಮಹ ಅನ್ನುವುದು. "ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಕೂರಿಸ್ತಿದ್ರು ಕಣೇ, ನಾನು ಅಳ್ತಾ ಹಾಡ್ತಿದ್ದೆ. ಅದನ್ನ ಮಾಡಿದವರು ಇಲ್ಲಿ ಕೂತಿದ್ರಾ?" ಅಂದಳು. ಗೋಷ್ಠಿಯವರು ಅವಳಿಗೆ ಗೊತ್ತಿದ್ದ ಪದ ಎತ್ತಿಕೊಂಡಾಗ ಮೆಲ್ಲಗೆ ದನಿ ಕೂಡಿಸಿದಳು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಮಾತಾಡದೆ ತಮ್ಮ ಹಾಡಿನ ಪುಸ್ತಕವನ್ನು ಅವಳ ಮೊಣಕಾಲ ಕಡೆ ಸರಿಸಿದರು. ಅಲ್ಲಿಂದ ಮುಂದೆ ಅವಳು ಎರಡು ತಾಸು ನಮ್ಮ ಕಡೆ ತಿರುಗಲಿಲ್ಲ.

ಸಿಂಧನೂರಿನ ಹುಡುಗನಿಗೆ ಸಂಗೀತ ಗೊತ್ತಿಲ್ಲ, ಅಂಕಿತ ಗೊತ್ತು. ಒಂದು ಪದದ ಕೊನೆಗೆ ಜಗನ್ನಾಥ ವಿಠಲ ಅಂತ ಬಂದದ್ದೇ ಅವನು ನೆಟ್ಟಗೆ ಕೂತ. "ಇದು ನಮ್ಮ ಮಾನ್ವಿ ದಾಸರದು" ಅಂದ. ನಿಜ, ಪುರಂದರರ ಆಮೇಲೆ ಒಂದೆರಡು ಶತಮಾನಕ್ಕೆ ದಾಸರ ಪದ ಮತ್ತೆ ಚಿಗುರಿದ್ದು ರಾಯಚೂರು ಸೀಮೆಯಲ್ಲಿ. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು. ಮೂರೂ ಊರು ಅವನ ಊರಿನಿಂದ ಬಸ್ಸಿನ ದಾರಿ. ಅವನ ಅಜ್ಜಿ ಈ ಪದಗಳನ್ನು ಬೀಸುವಾಗ, ಕುಟ್ಟುವಾಗ ಹೇಳುತ್ತಿದ್ದಳಂತೆ. ರಾಗ ಬೇರೆ ಇತ್ತು, ಸಾಲು ಇದೇ ಅಂತ ನಮಗೆಲ್ಲ ಹೇಳಿದ. ಮಾನ್ವಿಗೆ ಕರೆದುಕೊಂಡು ಹೋಗುತ್ತೇನೆ ಅಂತ ಅಲ್ಲೇ ಮಾತು ಕೊಟ್ಟಿದ್ದಾನೆ.

ಪ್ಯಾಕೇಜಿನ ಎರಡನೇ ದೊಡ್ಡ ತಪ್ಪು ಆದದ್ದು ಇಲ್ಲಿ. ಮಂಟಪಕ್ಕೆ ಅವರು ಇಟ್ಟಿದ್ದ ಹೊತ್ತು ಒಂದೂವರೆ ತಾಸು. ಹನ್ನೆರಡಕ್ಕೆ ಹೋಂಸ್ಟೇ ಹುಡುಗ ಬಂದು, ಊಟ ಆಮೇಲೆ ಸಾಣಾಪುರದ ಹರಿಗೋಲು ಅಂತ ಎಬ್ಬಿಸಿದ. ಸಾಣಾಪುರ ಕೆರೆ ಎಲ್ಲಿಗೂ ಹೋಗುವುದಿಲ್ಲ, ಮರುದಿನವೂ ಇರುತ್ತದೆ. ಆರಾಧನೆ ಮರುದಿನ ಇರುವುದಿಲ್ಲ. ನಾವು ನಾಲ್ವರು ಏಳಲಿಲ್ಲ. ಸಂಜೆ ಬೋಟು ನಿಂತ ಮೇಲೆ ಬುಕ್ಕಸಾಗರದ ಸೇತುವೆ ಮೇಲೆ ಸುತ್ತು ಹಾಕಿ ಬರಲು ಆಟೋಗೆ 600 ರೂಪಾಯಿ ನಾವೇ ಕೊಟ್ಟೆವು. ಮಧ್ಯಾಹ್ನದ ಊಟವೂ ತಪ್ಪಿತು. ಪೂರ್ತಿ ದಿನ ಮಂಟಪದಲ್ಲಿ ಕೂರುವವರಿಗೆ ಬುತ್ತಿ ಕಟ್ಟಿಕೊಟ್ಟು, ಸಂಜೆಗೊಂದು ಗಾಡಿ ಕಳಿಸುವುದು ದೊಡ್ಡ ಕೆಲಸವಲ್ಲ.

ರಾತ್ರಿ ಒಂಬತ್ತೂವರೆಗೆ ಮಾಲೀಕರು ತಮ್ಮದೇ ಜೀಪಿನಲ್ಲಿ ಹಳ್ಳಿಗೆ ಕರೆದೊಯ್ದರು. 14ರಲ್ಲಿ ಏಳು ಜನ ಹೊರಟೆವು. ಮಾಲೀಕರ ಮನೆಯವರೂ ಶಾಲು ಹೊದ್ದು ಜೊತೆಗೆ ಬಂದರು. ಗೊತ್ತಿಲ್ಲದ ಊರಿಗೆ ಕತ್ತಲಲ್ಲಿ ಹೋಗುವ ಹೆಣ್ಣುಮಕ್ಕಳಿಗೆ ಅದು ದೊಡ್ಡ ಧೈರ್ಯ. ಕೇಳದೇ ಮಾಡಿದ ಈ ಒಂದು ಕೆಲಸಕ್ಕೆ ಅವರಿಗೆ ನನ್ನ ಪೂರ್ತಿ ಅಂಕ.

ಹನುಮಪ್ಪನ ಗುಡಿ ಸಣ್ಣದು, ಕಟ್ಟೆ ದೊಡ್ಡದು. ಒಂದು ಟ್ಯೂಬ್‌ಲೈಟ್, ಚಾಪೆ, ನಡುವೆ ಪೇಟಿ. ಮೈಕಿಲ್ಲ. ಅಜ್ಜ ನಮ್ಮನ್ನು ಕಂಡು "ಬರ್ರಿ, ಇಲ್ಲೇ ಕುಂದ್ರರಿ" ಅಂತ ದಮ್ಮಡಿಯವನ ಪಕ್ಕಕ್ಕೇ ಕೂರಿಸಿದ. ಗಣಪತಿ ಸ್ತುತಿ, ಗುರು ಸ್ತುತಿ ಆದ ಮೇಲೆ ಪದ ಶುರು. ಒಬ್ಬ ಒಂದು ಸಾಲು ಎತ್ತುತ್ತಾನೆ, ಉಳಿದವರು ಅದನ್ನು ಹಿಡಿಯುತ್ತಾರೆ. ಅದೇ ಸಾಲು ನಾಲ್ಕು ಸಲ, ಆರು ಸಲ ತಿರುಗುತ್ತದೆ. ತಾಳ ನಿಧಾನಕ್ಕೆ ಏರುತ್ತ ಏರುತ್ತ ಕೊನೆಗೆ ದಮ್ಮಡಿ, ತಾಳ, ತಬಲಾ ಎಲ್ಲ ಒಂದೇ ಉಸಿರಿನಲ್ಲಿ ಓಡಿ, ಥಟ್ಟನೆ ನಿಲ್ಲುತ್ತದೆ. ಆ ನಿಶ್ಶಬ್ದದಲ್ಲಿ ಏಕತಾರಿಯೊಂದೇ ಮಿಡಿಯುತ್ತಿರುತ್ತದೆ. ಆಮೇಲೆ ಮುಂದಿನ ನುಡಿ, ಮತ್ತೆ ಮೊದಲಿನ ನಡೆ. ಒಂದು ಪದಕ್ಕೆ ಇಪ್ಪತ್ತು ನಿಮಿಷ ಹಿಡಿದರೂ ಉದ್ದ ಅನ್ನಿಸಲಿಲ್ಲ. ನುಡಿಗಳ ನಡುವೆ ಅಜ್ಜ ಅರ್ಥ ಬಿಡಿಸುತ್ತಿದ್ದ: ಒಂಬತ್ತು ಬಾಗಿಲ ಮನೆ ಅಂದರೆ ಈ ದೇಹ, ಅದರೊಳಗೆ ಬಂದು ಹೋಗುವವನು ಯಾರು ಅಂತ. ಐಸಿಯುನಲ್ಲಿ ಕೆಲಸ ಮಾಡುವ ನನಗೆ ಆ ಮಾತಿನ ಅರ್ಥ ಬೇರೆ ಬಿಡಿಸಿ ಹೇಳಬೇಕಿರಲಿಲ್ಲ.

ಒಂದೇ ರಾತ್ರಿ, ಒಂದೇ ಮೇಳ, ದಾಸರ ಪದ ಹಾಡಿತು, ವಚನ ಹಾಡಿತು, ತತ್ವಪದ ಹಾಡಿತು. ಬೆಳಿಗ್ಗೆ ಮಂಟಪದಲ್ಲಿ ಕೇಳಿದ ಒಂದು ಪದವೇ ಇಲ್ಲಿ ಬೇರೆ ಧಾಟಿಯಲ್ಲಿ ಬಂತು. ಅಲ್ಲಿ ನಿಂತ ನೀರಿನ ಹಾಗಿತ್ತು, ಇಲ್ಲಿ ಕಾಲುವೆ ಬಿಟ್ಟ ಹಾಗೆ. ಮೈಸೂರಿನ ಗೆಳತಿ ಎರಡನ್ನೂ ಫೋನಿನಲ್ಲಿ ಇಟ್ಟುಕೊಂಡಿದ್ದಾಳೆ, ಈಗಲೂ ಒಂದರ ಹಿಂದೆ ಒಂದು ಹಾಕಿ ಕೇಳುತ್ತಾಳೆ.

ಚಿಗವ್ವನ ಮಗ ಮೊದಲ ಅರ್ಧ ತಾಸು ಬೆರಳು ಮಡಿಚಿ ಮಾತ್ರೆ ಎಣಿಸುತ್ತಿದ್ದ. "ಅಕ್ಕಾ, ಈ ತಾಳ ಎಲ್ಲಿ ಹೊಳ್ಳತೈತೋ ಗೊತ್ತಾಗವಲ್ದು" ಅಂದ. ದಮ್ಮಡಿಯವರಿಗೆ ಕೇಳಿಸಿತು. ಪದ ಮುಗಿದ ಮೇಲೆ ಅವನ ಕೈಗೆ ಒಂದು ಜೊತೆ ತಾಳ ಕೊಟ್ಟು, "ಎಣಿಸಬ್ಯಾಡ ತಮ್ಮ. ಪದದ ಬೆನ್ನು ಹತ್ತು, ತಾಳ ತಾನ ಬರ್ತೈತಿ" ಅಂದರು. ಎರಡು ಪದ ತಪ್ಪಿದ. ತಪ್ಪಿದಾಗ ಯಾರೂ ನಗಲಿಲ್ಲ, ಯಾರೂ ಅವನ ಕಡೆ ನೋಡಲೂ ಇಲ್ಲ. ಅವನು ಸಿಕ್ಕಿಕೊಂಡ ಕಡೆ ದಮ್ಮಡಿಯವರು ತಮ್ಮ ಪೆಟ್ಟನ್ನು ಸ್ವಲ್ಪ ಗಟ್ಟಿ ಮಾಡುತ್ತಿದ್ದರು, ಅಷ್ಟೇ. ಮೂರನೇ ಪದಕ್ಕೆ ಕೈ ಕೂತಿತು. ಅಲ್ಲಿಂದ ರಾತ್ರಿ ಎರಡರವರೆಗೆ ಅವನು ತಾಳ ಕೆಳಗಿಡಲಿಲ್ಲ. ಮರುದಿನ ಅಂಗೈ ಕೆಂಪಾಗಿ ಊದಿತ್ತು.

ಎಷ್ಟು ದೊಡ್ಡ ವೇದಿಕೆಯಾದರೂ ಇದನ್ನು ಕೊಡಲಾರದು. ನಾನು ಹಂಪಿ ಉತ್ಸವಕ್ಕೂ ಎರಡು ಸಲ ಹೋಗಿದ್ದೇನೆ. ಎಂ.ಪಿ. ಪ್ರಕಾಶರು ಕನಸು ಕಂಡು ಶುರು ಮಾಡಿದ ಆ ಉತ್ಸವ ನಮ್ಮ ಭಾಗದ ಹೆಮ್ಮೆ. ಸಾವಿರಾರು ಜನರ ನಡುವೆ ನಿಂತು ಹಾಡು ಕೇಳುವ ಸುಖವೇ ಬೇರೆ. ಆದರೆ ಅಲ್ಲಿ ಯಾರೂ ನನ್ನ ತಮ್ಮನ ಕೈಗೆ ತಾಳ ಕೊಡಲಾರರು. ಸಂಗೀತ ಕೇಳಲು ಊರು ಬಿಟ್ಟು ಬರುವ ನಮ್ಮ ವಯಸ್ಸಿನವರಿಗೆ ಬೇಕಿರುವುದು ಹೀಗೆ ಹತ್ತಿರ ಕೂರುವುದು. ಹುಲ್ಲುಹಾಸಿನ ಮೇಲೆ ಆ 45 ನಿಮಿಷ ಫೋನು ನೋಡುತ್ತಿದ್ದ ಹೈದರಾಬಾದಿನ ಇಬ್ಬರು ಹುಡುಗಿಯರು, ಕನ್ನಡ ಅರೆಬರೆ ಬರುವವರು, ಗುಡಿಯಲ್ಲಿ ಹನ್ನೆರಡೂವರೆವರೆಗೆ ಕೂತಿದ್ದರು.

ಹನ್ನೊಂದಕ್ಕೆ ಚಾ, ಒಂದು ಗಂಟೆಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಊರವರು ಹತ್ತು, ಇಪ್ಪತ್ತು, ನೂರು ರೂಪಾಯಿ ಕಾಣಿಕೆ ಇಡುತ್ತಿದ್ದರು. ಪೇಟಿಯವರು ಪದದ ನಡುವೆ ಕೊಟ್ಟವರ ಹೆಸರು ಕೂಗುತ್ತಿದ್ದರು. ನಾವು ಏಳೂ ಜನ ಕೂಡಿ 3,500 ಇಟ್ಟೆವು. "ಬಳ್ಳಾರಿ ದವಾಖಾನಿ ಸಿಸ್ಟರ್ ಮತ್ತ ಗೆಳೆಯರು" ಅಂತ ಕೂಗಿದರು. ಮೇಳದವರು ಅದರಲ್ಲಿ ಒಂದು ಪಾಲು ಗುಡಿಗೆ ಅಂತ ತೆಗೆದಿಟ್ಟರು. ರೆಕಾರ್ಡ್ ಮಾಡಬಹುದಾ ಅಂತ ಕೇಳಿದ್ದಕ್ಕೆ ಅಜ್ಜ, "ಮಾಡ್ರಿ, ಆದ್ರ ಅರ್ಧಕ್ಕ ಕತ್ತರಿಸಿ ಹಾಕಬ್ಯಾಡ್ರಿ. ಹಾಕಿದ್ರ ಮೇಳದ ಹೆಸರು, ಊರ ಹೆಸರು ಬರೀರಿ" ಅಂದ. ದರೋಜಿ ಈರಮ್ಮನವರು 2014ರಲ್ಲಿ ತೀರಿಕೊಂಡಾಗ ಬುರ್ರಕಥೆಯ ಎಷ್ಟು ಕಾವ್ಯ ಅವರ ನಾಲಿಗೆಯ ಮೇಲಿತ್ತು ಅಂತ ನಮ್ಮ ಜಿಲ್ಲೆಯವರಿಗೆ ಗೊತ್ತು. ಹಾಗಾಗಿ ನಾನು ಎರಡು ಪದ ಪೂರ್ತಿ ಹಿಡಿದೆ, ಉಳಿದದ್ದಕ್ಕೆ ಫೋನು ಕೆಳಗಿಟ್ಟೆ.

ಅನನುಕೂಲವೂ ಇತ್ತು, ಹೋಗುವವರಿಗೆ ತಿಳಿದಿರಲಿ. ಗುಡಿಯ ಹತ್ತಿರ ಶೌಚಾಲಯ ಇಲ್ಲ. ಪಕ್ಕದ ಮನೆಯ ಅವ್ವ ಬಾಗಿಲು ತೆಗೆದದ್ದರಿಂದ ನಡೆಯಿತು. ಜನವರಿಯ ಚಳಿಗೆ ದಪ್ಪ ಶಾಲು ಬೇಕು. ಗದ್ದೆಗೆ ನೀರು ಬಿಟ್ಟಿರುವುದರಿಂದ ಸೊಳ್ಳೆ ವಿಪರೀತ. ಹೋಂಸ್ಟೇ ಕೋಣೆ ಚೊಕ್ಕಟವಾಗಿದೆ, ಬಿಸಿನೀರು ಬೆಳಿಗ್ಗೆ ಆರರಿಂದ ಎಂಟು ಮಾತ್ರ, ನಮ್ಮ ಕೋಣೆಯ ಸೊಳ್ಳೆಪರದೆ ಹರಿದಿತ್ತು.

ಸೋಮವಾರ ಬೆಳಿಗ್ಗೆ ಪ್ಯಾಕೇಜಿನಲ್ಲಿ ಇಲ್ಲದ ಒಂದು ಜಾಗಕ್ಕೆ ನಾವೇ ಹೋದೆವು. ಆನೆಗೊಂದಿಯಿಂದ ಬೋಟಿನಲ್ಲಿ ನವಬೃಂದಾವನ. ಎಂಟು ಯತಿಗಳ ಬೃಂದಾವನದ ನಡುವೆ ವ್ಯಾಸರಾಜರದು. ಪುರಂದರದಾಸರಿಗೂ ಕನಕದಾಸರಿಗೂ ಗುರು ಇವರು. ಗುರು 1539ರಲ್ಲಿ ಹೋದರು, ಶಿಷ್ಯ ಅದಾದ 25 ವರ್ಷಕ್ಕೆ. ಒಬ್ಬರದು ಹೊಳೆ ನಡುವಿನ ನಡುಗಡ್ಡೆ, ಇನ್ನೊಬ್ಬರದು ಅದೇ ಹೊಳೆಯ ದಂಡೆ. ದಾಸರ ಆರಾಧನೆಗೆ ಅಂತ ಜನರನ್ನು ಕರೆತರುವವರು ಈ ಜಾಗವನ್ನು ಬಿಟ್ಟಿರುವುದು ನನಗೆ ಅರ್ಥವಾಗಲಿಲ್ಲ.

ಹೊರಡುವ ಮುಂಚೆ ಮಾಲೀಕರ ಜೊತೆ ಕೂತು ಎಲ್ಲ ಹೇಳಿದೆ. ಎಕೋ, ಅರ್ಧಕ್ಕೆ ನಿಂತ ಪದ, 500 ರೂಪಾಯಿ, ಮಂಟಪದ ಒಂದೂವರೆ ತಾಸು. ಅವರು ಸಿಟ್ಟಾಗಲಿಲ್ಲ. "ಮೊದಲ್ನೇ ಸಲ ಮೇಳದವ್ರೇ ಅಷ್ಟ ಕೇಳಿದ್ರು ಮೇಡಂ, ನಾ ಅದನ್ನೇ ನಡೆಸಿಕೊಂಡು ಬಂದೆ. ಗೆಸ್ಟ್ ಬ್ಯಾಸರ ಮಾಡ್ಕೋತಾರ ಅಂತ ಹಾಡು ಸಣ್ಣದು ಮಾಡಿಸ್ತಿದ್ವಿ" ಅಂದರು. ತಲೆಗೆ 300 ರೂಪಾಯಿ ಜಾಸ್ತಿ ತೆಗೆದುಕೊಳ್ಳಿ, ಅದು ಪೂರ್ತಿ ಹಾಡುವವರಿಗೆ ಅಂತ ಬಿಲ್ಲಿನಲ್ಲಿ ಬೇರೆ ಬರೆಯಿರಿ, ನಾವು ಸಂತೋಷವಾಗಿ ಕೊಡುತ್ತೇವೆ ಅಂದೆ. ಹುಲ್ಲುಹಾಸಿನ ಕಾರ್ಯಕ್ರಮ ಇರಲಿ, ಮೈಕು ತೆಗೆದು ಅದೇ ಹುಲ್ಲಿನ ಮೇಲೆ ಚಾಪೆ ಹಾಸಿ ಎಲ್ಲರನ್ನೂ ಮೇಳದ ಸುತ್ತ ಕೂರಿಸಿ ಅಂತಲೂ ಹೇಳಿದೆ.

ಇನ್ನೊಂದು ವಿಷಯ ಅವರೇ ಎತ್ತಿದರು, ಅದೇ ಮುಖ್ಯ ತೊಡಕು. ಹಾಡು ಬರುವುದು ತಿಥಿಗೆ, ಅತಿಥಿ ಬರುವುದು ಶನಿವಾರಕ್ಕೆ. ಭಜನೆ ಅಮಾವಾಸ್ಯೆಗೆ. ಮುದಗಲ್ಲಿನ ಮೊಹರಂ ಚಂದ್ರನ ಲೆಕ್ಕ, ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ರಿವಾಯತ್ ಪದ, ಅಲಾಯಿ ಕುಣಿತ ಕೇಳಬೇಕೆಂದರೆ ಆ ರಾತ್ರಿಗೇ ಅಲ್ಲಿರಬೇಕು. ಕೊಪ್ಪಳದ ಗವಿಮಠದ ಜಾತ್ರೆಯೂ ತಿಥಿಗೇ. ಈ ಸಲ ಅಮಾವಾಸ್ಯೆ ಭಾನುವಾರ ಬಂದದ್ದು ಅದೃಷ್ಟ. ಅಂಥ ಅದೃಷ್ಟ ಇಲ್ಲದಾಗ ಮೇಳವನ್ನು ಶನಿವಾರಕ್ಕೆ ಎಳೆದು ತರುವುದಕ್ಕಿಂತ, ವರ್ಷದ ತಿಥಿಗಳ ಪಟ್ಟಿಯನ್ನು ಜನವರಿಯಲ್ಲೇ ಅತಿಥಿಗಳಿಗೆ ಕಳಿಸಿದರೆ ರಜೆ ಹಾಕುವವರು ಹಾಕುತ್ತಾರೆ. ಪಾರ್ಟಿಗೆ, ಟ್ರೆಕ್ಕಿಗೆ ರಜೆ ಹಾಕುವ ನಾವು ಇದಕ್ಕೆ ಹಾಕದೇ ಇರುತ್ತೇವೆಯೇ? ಮುಂದಿನ ಪುಷ್ಯದ ಅಮಾವಾಸ್ಯೆ 2027ರ ಫೆಬ್ರವರಿ 6, ಶನಿವಾರ. ಈಗಲೇ ಗುರುತು ಹಾಕಿಕೊಳ್ಳಿ.

ನನ್ನ ಲೆಕ್ಕದಲ್ಲಿ ಊಟಕ್ಕೆ ಐದಕ್ಕೆ ಐದು, ಕೋಣೆಗೆ ಮೂರು, ಶನಿವಾರದ ಸಂಜೆಗೆ ಒಂದು. ಅಮಾವಾಸ್ಯೆ ರಾತ್ರಿ ಅವರ ಪ್ಯಾಕೇಜಿನದಲ್ಲ, ಊರಿನದು. ಅದಕ್ಕೆ ನಾನು ಅಂಕ ಹಾಕುವುದಿಲ್ಲ. ಅಲ್ಲಿಗೆ ಕರೆದೊಯ್ದದ್ದಕ್ಕೆ ಐದು.

ಹತ್ತು ದಿನ ಬಿಟ್ಟು ಮಾಲೀಕರ ಫೋನು ಬಂತು. ಫೆಬ್ರವರಿ 15ರ ಶಿವರಾತ್ರಿಗೆ ಅದೇ ಹಳ್ಳಿಯಲ್ಲಿ ಜಾಗರಣೆ ಭಜನೆ, ಎರಡು ಮೇಳ ಕೂಡುತ್ತವೆ, ಸವಾಲ್ ಜವಾಬ್ ಇದೆ, ಬೆಳಗಿನ ತನಕ. ಸ್ಪೀಕರ್ ಬಾಡಿಗೆಗೆ ತರುವುದು ಬಿಟ್ಟಿದ್ದಾರಂತೆ, ಮೇಳದವರಿಗೆ ತಲೆಗೆ 1,500ಕ್ಕೆ ಮಾತಾಗಿದೆಯಂತೆ. "ಈ ಸಲ ಅಂಕಿತ ಬರೋತನಕ ಯಾರೂ ಊಟಕ್ಕ ಕರಿಯಂಗಿಲ್ರಿ" ಅಂದರು. ಚಿಗವ್ವನ ಮಗ ತನ್ನದೇ ಒಂದು ಜೊತೆ ತಾಳ ಕೊಂಡಿದ್ದಾನೆ. ನಾನು ಆ ವಾರದ ನೈಟ್ ಡ್ಯೂಟಿಯನ್ನು ಇನ್ನೊಬ್ಬ ನರ್ಸ್ ಗೆಳತಿಗೆ ಕೊಟ್ಟು, ಅವಳ ಯುಗಾದಿ ಡ್ಯೂಟಿ ತೆಗೆದುಕೊಂಡಿದ್ದೇನೆ.